ಬಿಳಿ ಎರಡು

ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಪ್ರಾರ್ಥನೆಯ ಗುಂಪಿನಲ್ಲಿ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದರು. ಎತ್ತರದ ಹುಡುಗಿ ಎಂಬ ಕಾರಣಕ್ಕಲ್ಲ, ನನ್ನ ದನಿ ಕೆಳಗಿತ್ತು. ‘ಕರುಣಾಳು ಬಾ ಬೆಳಕೆ’ ಹಾಡುವಾಗ ಉಳಿದ ಹುಡುಗಿಯರೆಲ್ಲ ಹಾರ್ಮೋನಿಯಮ್ಮಿನ ಬಿಳಿ ಐದರಿಂದ, ಅಂದರೆ ಐದನೆಯ ಬಿಳಿ ಮನೆಯಿಂದ, ಆರಾಮವಾಗಿ ಮೇಲೇರುತ್ತಿದ್ದರು. ನಾನು ಅರ್ಧದಾರಿಯಲ್ಲೇ ಗಂಟಲು ಕಟ್ಟಿಕೊಂಡು ಒಂದು ಸ್ಥಾಯಿ ಕೆಳಗಿಳಿದುಬಿಡುತ್ತಿದ್ದೆ. ಗುಂಪಿನ ನಡುವೆ ಯಾರೋ ಗಂಡಸು ನಿಂತು ಹಾಡಿದಂತೆ ಕೇಳಿಸುತ್ತಿತ್ತಂತೆ. ಅಕ್ಕೋರು ಕೆಟ್ಟವರೇನಲ್ಲ. ‘ನೀನು ಬಾಯಿ ಆಡಿಸು ಸಾಕು, ದನಿ ತೆಗೆಯಬೇಡ’ ಎಂದು ಬೆನ್ನು ಸವರಿಯೇ ಹೇಳಿದರು. ವರ್ಷವಿಡೀ ಬಾಯಿ ಆಡಿಸಿದೆ.

ತಮಾಷೆಯೆಂದರೆ ನಮ್ಮದು ಧಾರವಾಡ. ಸಂಜೆ ಅವ್ವ ರೊಟ್ಟಿ ತಟ್ಟುವ ಹೊತ್ತಿಗೆ ರೇಡಿಯೊದಲ್ಲಿ ಗಂಗೂಬಾಯಿ ಹಾನಗಲ್ಲರ ದನಿ ಬಂದರೆ ತಟ್ಟುವ ಸದ್ದೂ ಮೆತ್ತಗಾಗುತ್ತಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯ ಮೇಲೆ ಅವರ ದನಿ ಒಡೆದು ಗಡಸಾಗಿ ಕೆಳಗಿಳಿದದ್ದು, ಆ ಇಳಿದ ದನಿಯನ್ನೇ ಅವರು ತಮ್ಮ ಗಾಯನಕ್ಕೆ ಅಡಿಗಲ್ಲು ಮಾಡಿಕೊಂಡದ್ದು ಊರಿಗೆಲ್ಲ ಗೊತ್ತಿದ್ದ ಕಥೆ. ಹಾಗಿದ್ದೂ ಅದೇ ಊರಿನ ಶಾಲೆಯಲ್ಲಿ ಕೆಳದನಿಯ ಹುಡುಗಿಯೊಬ್ಬಳಿಗೆ ಶ್ರುತಿಯನ್ನು ಸ್ವಲ್ಪ ಇಳಿಸಿ ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎನ್ನಿ.

ಈ ಹಳೆಯ ಸಂಗತಿ ಮತ್ತೆ ನೆನಪಾದದ್ದು ಫಿಲಡೆಲ್ಫಿಯಾದಲ್ಲಿ. ಮಗನ ಮನೆಗೆ ಹೋಗಿದ್ದಾಗ ಅವನು ಅಲ್ಲಿಯ ಆರ್ಕೆಸ್ಟ್ರಾ ಕೇಳಿಸಲು ಕರೆದೊಯ್ದ. ಆ ಸಭಾಂಗಣಕ್ಕೆ 2024ರಲ್ಲಿ ಹೊಸ ಹೆಸರು ಬಂದಿದೆ: ಮೇರಿಯನ್ ಆ್ಯಂಡರ್ಸನ್ ಹಾಲ್. ಅದಕ್ಕೆ ಮೊದಲು ಒಂದು ಟೆಲಿಫೋನ್ ಕಂಪನಿಯ ಹೆಸರಿತ್ತು. ‘ಯಾರಪ್ಪಾ ಈಕೆ?’ ಎಂದೆ. ‘ಇದೇ ಊರಿನ ಗಾಯಕಿ ಅವ್ವಾ. ಕರಿಯ ಹೆಂಗಸು. ವಾಷಿಂಗ್ಟನ್ನಿನಲ್ಲಿ ಒಳಗೆ ಹಾಡಲು ಬಿಡಲಿಲ್ಲವೆಂದು ಹೊರಗೆ ಹಾಡಿದರಂತೆ’ ಎಂದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಈಗ ನೋಡಿದರೆ ಲೋಕಕ್ಕೆಲ್ಲ ಗೊತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ.

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ್ದು ಶೂಬರ್ಟ್ 1817ರಲ್ಲಿ ಸ್ವರ ಹಾಕಿದ ಒಂದು ಪುಟ್ಟ ಜರ್ಮನ್ ಹಾಡು, ‘ಸಾವು ಮತ್ತು ಹುಡುಗಿ’. ಎರಡೂವರೆ ಮೂರು ನಿಮಿಷ. ಮೊದಲು ಹುಡುಗಿ ಗಾಬರಿಯಿಂದ ಮಾತಾಡುತ್ತಾಳೆ: ಹೋಗು, ನಾನಿನ್ನೂ ಚಿಕ್ಕವಳು, ನನ್ನನ್ನು ಮುಟ್ಟಬೇಡ. ಅಲ್ಲಿ ದನಿ ಮೇಲಿದೆ, ಲಯ ಓಡುತ್ತದೆ. ಆಮೇಲೆ ಸಾವು ಬಾಯಿ ತೆರೆಯುತ್ತದೆ. ಶೂಬರ್ಟ್ ಸಾವಿನ ಬಾಯಿಗೆ ರಾಗವನ್ನೇ ಕೊಟ್ಟಿಲ್ಲ. ಬಹುಮಟ್ಟಿಗೆ ಒಂದೇ ಸ್ವರದ ಮೇಲೆ ಅದು ನಿಧಾನವಾಗಿ ಮಾತಾಡುತ್ತದೆ, ನಮ್ಮ ತಂಬೂರಿಯ ಷಡ್ಜಕ್ಕೆ ಮಾತು ಬಂದ ಹಾಗೆ. ಕೈ ಕೊಡು, ನಾನು ಗೆಳೆಯ, ನನ್ನ ತೋಳಿನಲ್ಲಿ ಮೆಲ್ಲನೆ ಮಲಗುವಿಯಂತೆ ಎನ್ನುತ್ತದೆ. ಕೊನೆಯ ‘ಮಲಗು’ ಎಂಬ ಶಬ್ದಕ್ಕೆ ಬರೆದ ಸ್ವರವನ್ನು ಎಲ್ಲರೂ ಹಾಡಬಲ್ಲರು. ಅದರ ಕೆಳಗೆ ಇನ್ನೊಂದು ಸ್ವರವೂ ಇದೆ, ಶಕ್ತಿಯಿದ್ದವರು ಅಲ್ಲಿಗೆ ಇಳಿಯಬಹುದು. ಹೆಣ್ಣುಗಂಟಲಿಗೆ ಅದು ಬಹಳ ಕೆಳಗೆ. ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಬಿಳಿ ಎರಡು, ನಮ್ಮಲ್ಲಿ ಗಂಡಸರು ಷಡ್ಜ ಹಿಡಿಯುವ ಎತ್ತರದ ಆಸುಪಾಸು.

ಮೇರಿಯನ್ ಅಲ್ಲಿಗೆ ಇಳಿಯುತ್ತಾರೆ. ಇಳಿದರು ಎಂಬ ಸದ್ದೇ ಇಲ್ಲ. ಸಾಮಾನ್ಯವಾಗಿ ಕೆಳಗಿನ ಸ್ವರಕ್ಕೆ ಹೋಗುವ ಗಾಯಕರು ಗದ್ದವನ್ನು ಎದೆಗೆ ಒತ್ತಿ ಬಾವಿಗೆ ಕೊಡ ಬಿಟ್ಟಂತೆ ಧೊಪ್ಪನೆ ಬೀಳುತ್ತಾರೆ. ಇವರದು ದೀಪದ ಬತ್ತಿಯನ್ನು ಸಣ್ಣದು ಮಾಡಿದ ಹಾಗೆ. ಬೆಳಕು ಕಡಿಮೆಯಾಗುತ್ತದೆ, ಆರುವುದಿಲ್ಲ. ಅಡುಗೆಮನೆಯಲ್ಲಿ ನಿಂತು ಅದನ್ನು ನಾಲ್ಕು ಸಲ ಕೇಳಿದೆ. ಐವತ್ತು ವರ್ಷದ ಹಿಂದೆ ಹಿಂದಿನ ಸಾಲಿನಲ್ಲಿ ನಿಂತಿದ್ದ ಹುಡುಗಿಗೆ ಇದನ್ನು ಯಾರಾದರೂ ಕೇಳಿಸಬೇಕಿತ್ತು ಎಂದು ಸಿಟ್ಟೂ ಬಂತು.

ಇಂಥ ದನಿಗೆ ಅವರ ಸಂಗೀತದಲ್ಲಿ ಕಾಂಟ್ರಾಲ್ಟೊ ಎಂಬ ಹೆಸರಿದೆ, ಹೆಣ್ಣುದನಿಗಳಲ್ಲೆಲ್ಲ ಕೆಳಗಿನದು. ಕಥೆಯನ್ನೆಲ್ಲ ಹಾಡಿಯೇ ಆಡುವ ಅವರ ಒಪೆರಾ ನಾಟಕಗಳಲ್ಲಿ ಈ ದನಿಯವರಿಗೆ ಸಿಗುವ ಪಾತ್ರಗಳನ್ನು ನೋಡಿದರೆ ನಗು ಬರುತ್ತದೆ. ಪ್ರೇಮಿಸುವವಳು, ಸಾಯುವವಳು, ಹೂಗುಚ್ಛ ಪಡೆಯುವವಳು ಮೇಲ್ದನಿಯ ಸೊಪ್ರಾನೊ. ಕೆಳದನಿಯವಳು ಅವಳ ತಾಯಿ, ದಾದಿ, ಮುದುಕಿ, ಇಲ್ಲವೇ ಮಾಟಗಾತಿ. ಕೆಲವೊಮ್ಮೆ ಗಂಡುವೇಷ. ನಮ್ಮ ನಾಟಕ ಕಂಪನಿಗಳಲ್ಲಿ ದಪ್ಪ ದನಿಯ ನಟಿಗೆ ಅತ್ತೆಯ ಪಾತ್ರ ಕಾಯಂ ಆದಂತೆಯೇ ಇದೂ.

ಮೇರಿಯನ್ ಹುಟ್ಟಿದ್ದು 1897ರಲ್ಲಿ, ದಕ್ಷಿಣ ಫಿಲಡೆಲ್ಫಿಯಾದಲ್ಲಿ. ತಂದೆ ರೈಲು ನಿಲ್ದಾಣದ ಮಾರುಕಟ್ಟೆಯಲ್ಲಿ ಮಂಜುಗಡ್ಡೆ, ಕಲ್ಲಿದ್ದಲು ಮಾರುತ್ತಿದ್ದವರು. ತಾಯಿ ಊರಿನಲ್ಲಿ ಶಿಕ್ಷಕಿಯಾಗಿದ್ದರೂ ಇಲ್ಲಿಗೆ ಬಂದ ಮೇಲೆ ಬೇರೆಯವರ ಬಟ್ಟೆ ಒಗೆದು, ನೆಲ ಒರೆಸಿ ಮನೆ ನಡೆಸಿದವರು. ಆರು ವರ್ಷಕ್ಕೇ ಚರ್ಚಿನ ಮಕ್ಕಳ ಗಾಯನ ಗುಂಪಿಗೆ ಸೇರಿದ ಮೇರಿಯನ್ ಎಲ್ಲ ದನಿಗಳ ಭಾಗವನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಮೇಲಿನ ದನಿಯವರು ಬರದಿದ್ದರೆ ಮೇಲೆ, ಕೆಳಗಿನವರು ಬರದಿದ್ದರೆ ಕೆಳಗೆ. ಯಾರ ಜಾಗ ಖಾಲಿಯೋ ಅಲ್ಲಿಗೆ ಇವರು. ಬಾಯಿ ಆಡಿಸು ಎಂದು ಅಲ್ಲಿ ಯಾರೂ ಹೇಳಲಿಲ್ಲ. ಅಕ್ಕಪಕ್ಕದವರ ಮನೆಯ ಮೆಟ್ಟಿಲು ತಿಕ್ಕಿ ಕೂಡಿಸಿದ ದುಡ್ಡಿನಿಂದ ಗಿರವಿ ಅಂಗಡಿಯ ಒಂದು ಪಿಟೀಲನ್ನೂ ಕೊಂಡರು. ಅದರ ಬೆಲೆ 3 ಡಾಲರ್ 98 ಸೆಂಟ್. ಪಿಟೀಲು ಬಹಳ ದಿನ ಬಾಳಲಿಲ್ಲ.

ಹನ್ನೆರಡರ ಹುಡುಗಿಯಾಗಿದ್ದಾಗ ತಂದೆ ಕೆಲಸದ ಜಾಗದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಮುಂದೆ ಒಂದು ಸಂಗೀತ ಶಾಲೆಗೆ ಅರ್ಜಿ ಕೇಳಲು ಹೋದಾಗ ಕಿಟಕಿಯ ಹಿಂದಿದ್ದ ಹುಡುಗಿ ಸಾಲಿನಲ್ಲಿದ್ದ ಎಲ್ಲರಿಗೂ ಅರ್ಜಿ ಕೊಟ್ಟು, ಕೊನೆಗೆ ಇವರತ್ತ ತಿರುಗಿ ಬಣ್ಣದವರನ್ನು ನಾವು ಸೇರಿಸಿಕೊಳ್ಳುವುದಿಲ್ಲ ಎಂದಳು. ಇಂಥ ಮಾತನ್ನು ಕೇಳಿಸಿಕೊಂಡ ಗಂಟಲು ಆಮೇಲೆ ಹೇಗೆ ತೆರೆದುಕೊಳ್ಳುತ್ತದೆ ಎಂಬುದು ನನ್ನನ್ನು ಕಾಡುತ್ತದೆ. ಹಾಡುವುದಕ್ಕೆ ಬೇಕಾದ ಮೊದಲ ವಸ್ತು ಸಡಿಲವಾದ ದೇಹ. ಅವಮಾನ ಮೊದಲು ಬಿಗಿ ಮಾಡುವುದೂ ಅದನ್ನೇ.

ಚರ್ಚಿನವರು ಹಣ ಎತ್ತಿದರು. ಜುಸೆಪ್ಪೆ ಬೊಗೆಟ್ಟಿ ಎಂಬ ಗುರು ಸಿಕ್ಕರು. ಹೊಸ ಶಿಷ್ಯರು ಬೇಡವೇ ಬೇಡ ಎಂದು ಹಟ ಹಿಡಿದಿದ್ದ ಮನುಷ್ಯ, ಒಂದು ಹಾಡು ಮುಗಿಯುವಷ್ಟರಲ್ಲಿ ಬಗ್ಗಿದರು. ಅವರು ಕಲಿಸಿದ್ದು ಮುಖ್ಯವಾಗಿ ಉಸಿರು. ಮೈಕ್ ಇಲ್ಲದೆ ಮೂರು ಸಾವಿರ ಜನರ ಸಭಾಂಗಣದ ಕೊನೆಯ ಬೆಂಚಿಗೆ ಪಿಸುಮಾತನ್ನು ಮುಟ್ಟಿಸುವುದು ಕಿರುಚುವವರಿಂದ ಆಗದ ಕೆಲಸ. ಉಸಿರನ್ನು ಪಕ್ಕೆಲುಬಿನಡಿ ಹಿಡಿದು ಜಿಪುಣನಂತೆ ಖರ್ಚು ಮಾಡಬೇಕು, ದನಿಗೆ ಮುಖದ ಮೂಳೆಗಳಲ್ಲಿ ಮೊಳಗುವ ಜಾಗ ತೋರಿಸಬೇಕು. ನಮ್ಮವರು ಬೆಳಗಿನ ಜಾವ ಖರ್ಜದಲ್ಲಿ, ಕೆಳಗಿನ ಸ್ವರಗಳಲ್ಲಿ, ಕೂತು ಮಾಡುವ ರಿಯಾಜಿಗೂ ಇದಕ್ಕೂ ದಾರಿ ಬೇರೆ, ದುಡಿಮೆ ಒಂದೇ.

1924ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಕಚೇರಿ ಇಟ್ಟುಕೊಂಡರು. ಸಭಾಂಗಣ ತುಂಬಲಿಲ್ಲ. ಬ್ರಾಮ್ಸ್‌ನ ಜರ್ಮನ್ ಹಾಡುಗಳನ್ನು ಗಿಣಿಪಾಠದಂತೆ ಒಪ್ಪಿಸಿದರು ಎಂಬರ್ಥದ ವಿಮರ್ಶೆ ಬಂತು. ಮೇರಿಯನ್ ಹಾಡುವುದನ್ನೇ ಬಿಟ್ಟು ತಿಂಗಳುಗಟ್ಟಲೆ ಮನೆಯಲ್ಲಿ ಕೂತರು. ಆ ವಿಮರ್ಶೆ ಕ್ರೂರವಾಗಿತ್ತು, ಆದರೆ ಸುಳ್ಳಲ್ಲ ಎಂದು ಅವರಿಗೇ ಗೊತ್ತಿತ್ತು. ಅರ್ಥವಾಗದ ಭಾಷೆಯಲ್ಲಿ ಎಷ್ಟು ಚೆನ್ನಾಗಿ ಹಾಡಿದರೂ ಅದು ಬಾಯಿ ಆಡಿಸಿದಂತೆಯೇ. ಮುಂದಿನ ವರ್ಷ ಸ್ಪರ್ಧೆಯೊಂದರಲ್ಲಿ ಗೆದ್ದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆಗೆ ಹಾಡಿದರೂ ಬಾಗಿಲುಗಳು ತೆರೆಯಲಿಲ್ಲ. ಕಡೆಗೆ ಜರ್ಮನ್ ಕಲಿಯಲೆಂದು ಬರ್ಲಿನ್ನಿಗೇ ಹೊರಟರು.

ಅದೇ 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧಿಯವರೆದುರು ಹನ್ನೊಂದು ವರ್ಷದ ಗಂಗೂಬಾಯಿ ಸ್ವಾಗತಗೀತೆ ಹಾಡಿದರು. ಊಟದ ಮೇಲೆ, ನಿನ್ನ ಜಾತಿಯವಳು ಇಲ್ಲಿ ಉಂಡಿದ್ದಕ್ಕೆ ಎಲೆ ಬಳಿ ಎಂದಾರೇನೋ ಎಂದು ಹಾಡುವುದಕ್ಕಿಂತ ಅದಕ್ಕೇ ಹೆದರಿದ್ದೆ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಈ ಇಬ್ಬರನ್ನು ಹೋಲಿಸಲು ನಾನು ಹೊರಟಿಲ್ಲ. ಒಬ್ಬರ ಸಂಗೀತ ಕೇಳಿ ಇನ್ನೊಬ್ಬರಿಗೆ ಏನನ್ನಿಸುತ್ತಿತ್ತೋ. ಆದರೆ ಧಾರವಾಡದ ಕಿವಿಗೆ ಒಂದು ದನಿಯ ಹಿಂದೆ ಇನ್ನೊಂದು ತಾನಾಗಿ ಬಂದು ಕೂರುತ್ತದೆ, ಓಡಿಸಿದರೂ ಹೋಗುವುದಿಲ್ಲ.

ಯುರೋಪು ಮೇರಿಯನ್ ಅವರನ್ನು ಎತ್ತಿಕೊಂಡು ಕುಣಿಯಿತು. ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್‌ಗಳಲ್ಲಿ ‘ಮೇರಿಯನ್ ಜ್ವರ’ ಎಂಬ ಮಾತೇ ಹುಟ್ಟಿತು. ಫಿನ್ಲೆಂಡಿನ ಸಂಗೀತಕಾರ ಸಿಬೆಲಿಯಸ್ ತಮ್ಮ ಮನೆಯಲ್ಲಿ ಇವರ ಹಾಡು ಕೇಳಿ, ನನ್ನ ಮನೆಯ ಸೂರು ನಿಮಗೆ ಸಾಲದು ಎಂದು ಹೇಳಿ, ಕಾಫಿ ಬೇಡ, ಶಾಂಪೇನ್ ತನ್ನಿ ಎಂದರಂತೆ. 1935ರಲ್ಲಿ ಸಾಲ್ಸ್‌ಬುರ್ಗ್‌ನಲ್ಲಿ ಆರ್ಕೆಸ್ಟ್ರಾ ನಡೆಸುವ ಹೆಸರಾಂತ ಟೊಸ್ಕಾನಿನಿ, ಇಂಥ ದನಿ ನೂರು ವರ್ಷಕ್ಕೊಮ್ಮೆ ಕೇಳಸಿಗುವಂಥದ್ದು ಎಂದರು. ಕಚೇರಿ ವ್ಯವಸ್ಥೆ ಮಾಡುತ್ತಿದ್ದ ಸಾಲ್ ಹ್ಯುರಾಕ್ ಆ ಮಾತನ್ನು ಬಿಟ್ಟಾನೆಯೇ? ಹೋದಲ್ಲೆಲ್ಲ ಅದನ್ನೇ ಡಂಗುರ ಸಾರಿದ.

ಅದೇ ವರ್ಷದ ಡಿಸೆಂಬರ್ 30ರಂದು ಮತ್ತೆ ನ್ಯೂಯಾರ್ಕಿನ ಅದೇ ಟೌನ್ ಹಾಲ್. ಹಡಗಿನ ಮೆಟ್ಟಿಲ ಮೇಲೆ ಬಿದ್ದು ಕಾಲಿನ ಮೂಳೆ ಮುರಿದಿತ್ತು. ನೆಲ ಮುಟ್ಟುವ ಉದ್ದನೆಯ ಗೌನಿನೊಳಗೆ ಪ್ಲಾಸ್ಟರ್ ಮುಚ್ಚಿಕೊಂಡು, ಪಿಯಾನೊಗೆ ಆತು, ಒಂದೇ ಕಾಲಿನ ಮೇಲೆ ಭಾರ ಹಾಕಿ ಹಾಡಿದರು. ನಡೆದು ಬರುವುದು ಕಾಣಬಾರದೆಂದು ಪರದೆ ಎಳೆದಿಟ್ಟು, ಅವರು ನಿಂತ ಮೇಲೆ ತೆರೆದರು. ಹನ್ನೊಂದು ವರ್ಷದ ಹಿಂದೆ ಗಿಣಿಪಾಠ ಎಂದಿದ್ದ ಊರು ಈ ಸಲ ತಲೆಬಾಗಿತು.

ಇನ್ನು ಎಲ್ಲರಿಗೂ ಗೊತ್ತಿರುವ ಆ ಮಧ್ಯಾಹ್ನ. ಹೌವರ್ಡ್ ವಿಶ್ವವಿದ್ಯಾಲಯ ಏರ್ಪಡಿಸಿದ್ದ ಕಚೇರಿಗೆ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್ ಕೊಡಲು ಅದರ ಒಡೆತನದ ಮಹಿಳಾ ಸಂಘ ಒಪ್ಪಲಿಲ್ಲ. ಅಲ್ಲಿ ಬಿಳಿಯರಿಗಷ್ಟೇ ವೇದಿಕೆ. ಅಮೆರಿಕದ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಆ ಸಂಘಕ್ಕೆ ರಾಜೀನಾಮೆ ಕೊಟ್ಟರು. 1939ರ ಏಪ್ರಿಲ್ 9, ಈಸ್ಟರ್ ಭಾನುವಾರ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಚಳಿಗೆ ತುಪ್ಪಳದ ಕೋಟು ಹೊದ್ದು ಮೇರಿಯನ್ ಹಾಡಿದರು. ಎದುರಿಗೆ ಸುಮಾರು 75,000 ಜನ, ರೇಡಿಯೊದಲ್ಲಿ ಲಕ್ಷಗಟ್ಟಲೆ. ನನಗೆ ಇಲ್ಲಿ ಕಾಣುವುದು ಎರಡು ಸಣ್ಣ ಸಂಗತಿ. ಹಿಂದಿನ ರಾತ್ರಿ ಅವರು ಹ್ಯುರಾಕ್‌ಗೆ ಫೋನು ಮಾಡಿ, ಇದನ್ನು ಮಾಡಲೇಬೇಕೇ ಎಂದು ಕೇಳಿದ್ದರು. ಎದೆಗಾರಿಕೆಯ ಪ್ರತಿಮೆ ಎಂದು ನಾವು ಈಗ ನಿಲ್ಲಿಸಿಕೊಂಡಿರುವ ಹೆಂಗಸಿಗೆ ಅಂದು ಹಾಡುವ ಮನಸ್ಸೇ ಇರಲಿಲ್ಲ. ಇನ್ನೊಂದು, ಅವರು ಮೊದಲು ಹಾಡಿದ ದೇಶಭಕ್ತಿಗೀತೆಯಲ್ಲಿ ‘ನಾನು ಹಾಡುತ್ತೇನೆ’ ಎಂಬಲ್ಲಿ ‘ನಾವು ಹಾಡುತ್ತೇವೆ’ ಎಂದದ್ದು. ಅದು ಅಂದಿನ ಘೋಷಣೆಯಲ್ಲ, ಅವರ ಮಾತೇ ಹಾಗೆ. ತಮ್ಮ ಬಗ್ಗೆ ಹೇಳುವಾಗಲೂ ‘ನಾವು’ ಎನ್ನುತ್ತಿದ್ದರು. ಹಾಡು ಬರೆದವರು, ಪಿಯಾನೊ ನುಡಿಸುವವರು, ಅದನ್ನು ಮಾಡಿದ ಬಡಗಿ, ಇವರೆಲ್ಲರನ್ನು ಬಿಟ್ಟು ತಾನೊಬ್ಬಳೇ ಹಾಡಿದೆ ಎನ್ನುವುದು ಹೇಗೆ ಎಂಬುದು ಅವರ ಲೆಕ್ಕ.

ಆ ಒಂದು ಮಧ್ಯಾಹ್ನವನ್ನು ಪಕ್ಕಕ್ಕಿಟ್ಟರೆ ಉಳಿಯುವುದು ನಲವತ್ತು ವರ್ಷದ ದುಡಿಮೆ. ನನಗೆ ಪ್ರೀತಿ ಇರುವುದು ಅದರ ಮೇಲೆ. ರೈಲು, ಹೋಟೆಲು, ಪಿಯಾನೊ, ಮತ್ತೆ ರೈಲು. ಶೂಬರ್ಟ್, ಬ್ರಾಮ್ಸ್, ಹ್ಯಾಂಡಲ್, ನಡುವೆ ಇಟಲಿಯ ಒಂದು ಒಪೆರಾ ಹಾಡು, ಕೊನೆಗೆ ಗುಲಾಮಗಿರಿಯ ಕಾಲದ ಭಕ್ತಿಗೀತೆಗಳು. ಆ ಕೊನೆಯವನ್ನು ಅವರು ಶೂಬರ್ಟ್‌ಗೆ ಕೊಟ್ಟಷ್ಟೇ ಗೌರವದಿಂದ, ಅದೇ ವೇದಿಕೆಯ ಮೇಲೆ, ಅದೇ ನಿಲುವಿನಲ್ಲಿ ಹಾಡುತ್ತಿದ್ದರು. ಕಣ್ಣು ಮುಚ್ಚಿ, ಕೈ ಅಲ್ಲಾಡಿಸದೆ. ದಕ್ಷಿಣದ ಊರುಗಳಲ್ಲಿ ಹೋಟೆಲು ಸಿಗುತ್ತಿರಲಿಲ್ಲ, ಯಾರದೋ ಮನೆಯಲ್ಲಿ ಉಳಿಯಬೇಕು. ಉತ್ತರದಲ್ಲೂ ಅಷ್ಟೇ: 1937ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದವರಿಗೆ ಅದೇ ಊರಿನ ವಸತಿಗೃಹ ಕೋಣೆ ಕೊಡಲಿಲ್ಲ. ಮನೆಗೆ ಕರೆದೊಯ್ದವರು ಐನ್‌ಸ್ಟೈನ್. ಆ ಸ್ನೇಹ ಅವರು ಸಾಯುವವರೆಗೂ ಉಳಿಯಿತು. ಕರಿಯರನ್ನು ಹಿಂದಿನ ಮೂಲೆಗೆ ತಳ್ಳದೆ ಸಭಾಂಗಣದ ಎಲ್ಲ ಭಾಗಗಳಲ್ಲೂ ಕುರ್ಚಿ ಕೊಡಬೇಕೆಂದು ಕರಾರು ಹಾಕಿದರು. ಮುಂದೆ ಜನರನ್ನು ಬಣ್ಣ ನೋಡಿ ಬೇರೆ ಕೂರಿಸುವಲ್ಲಿ ಹಾಡುವುದನ್ನೇ ನಿಲ್ಲಿಸಿದರು. 1940ರಿಂದ ಕೊನೆಯವರೆಗೂ ಪಕ್ಕದಲ್ಲಿ ಪಿಯಾನೊಗೆ ಕೂತವರು ಜರ್ಮನಿಯಿಂದ ಬಂದ ಫ್ರಾಂಜ್ ರುಪ್. (ಗಂಡನ ಹೆಸರು ಆರ್ಫಿಯಸ್! ಗ್ರೀಕರ ಕಥೆಯಲ್ಲಿ ಹಾಡಿನಿಂದ ಕಲ್ಲು ಕರಗಿಸಿದವನ ಹೆಸರು. ಇವರು ಮಾತ್ರ ಕಟ್ಟಡಗಳ ನಕ್ಷೆ ಬರೆಯುವವರು. ಹದಿಹರೆಯದಲ್ಲೇ ಕೇಳಿ, ನಲವತ್ತು ದಾಟಿದ ಮೇಲೆ ಒಪ್ಪಿಗೆ ಪಡೆದರು.)

ಒಪೆರಾ? ಅದು ಬಂದದ್ದು 1955ರ ಜನವರಿ 7ರಂದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಕರಿಯ ಗಾಯಕರೊಬ್ಬರು ಪಾತ್ರವೊಂದನ್ನು ಹಾಡಿದ್ದು ಅದೇ ಮೊದಲು. ವೆರ್ಡಿಯ ‘ಉನ್ ಬಾಲ್ಲೊ ಇನ್ ಮಾಸ್ಕೆರಾ’, ಪಾತ್ರ ಉಲ್ರಿಕಾ ಎಂಬ ಕಣಿ ಹೇಳುವವಳು. ಕಾಂಟ್ರಾಲ್ಟೊಗೆ ಸಿಕ್ಕಿದ್ದು ಕೊನೆಗೂ ಮಾಟಗಾತಿಯೇ. ಈ ಒಪೆರಾ ಮೊದಲು 1859ರಲ್ಲಿ ರೋಮ್‌ನಲ್ಲಿ ರಂಗಕ್ಕೆ ಬಂದಾಗ ಕಥೆ ನಡೆಯುವುದು ಬಾಸ್ಟನ್ನಿನಲ್ಲಿ. ಆ ಪಠ್ಯದಲ್ಲಿ ನ್ಯಾಯಾಧೀಶನೊಬ್ಬ ಉಲ್ರಿಕಾಳನ್ನು ಗಡೀಪಾರು ಮಾಡಬೇಕೆಂದು ಕೇಳುತ್ತಾ ಅವಳನ್ನು ಕರಿಯರ ಹೊಲಸು ರಕ್ತದವಳು ಎನ್ನುತ್ತಾನೆ. ಅಂದರೆ ಕರಿಯಳೆಂದೇ ಬರೆದಿದ್ದ ಪಾತ್ರ, ಆ ರಂಗದ ಮೇಲೆ ಅಷ್ಟು ವರ್ಷ ಬಿಳಿಯರೇ ಹಾಡಿಕೊಂಡು ಬಂದಿದ್ದರು.

ಪರದೆ ಎದ್ದಾಗ ಉಲ್ರಿಕಾ ಕಡಾಯಿಯ ಮುಂದೆ ನಿಂತಿರುತ್ತಾಳೆ. ಇನ್ನೂ ಒಂದು ಸ್ವರ ಹೊರಡುವ ಮೊದಲೇ ಜನ ಚಪ್ಪಾಳೆ ಶುರು ಮಾಡಿದರು, ನಿಲ್ಲಿಸಲಿಲ್ಲ. ಮೇರಿಯನ್ ಮೈಯೊಳಗೆ ಗಂಟು ಬಿಗಿದಂತಾಯಿತು ಎಂದು ಬರೆದುಕೊಂಡಿದ್ದಾರೆ. ಮೊದಲ ಹಾಡಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಪ್ರಯತ್ನಪಟ್ಟೆ ಎಂದೂ ಒಪ್ಪಿಕೊಂಡಿದ್ದಾರೆ. ಆಗ ಅವರಿಗೆ ಐವತ್ತೇಳು. ಹೊರಗೆ ಹೇಳುತ್ತಿದ್ದ ಲೆಕ್ಕದಲ್ಲಿ ಇನ್ನೂ ಕಡಿಮೆ, ಹುಟ್ಟಿದ ವರ್ಷ 1902 ಎಂದೇ ನಡೆದುಬಂದಿತ್ತು. ಈ ಸುಳ್ಳನ್ನು ನಾನು ಮನಸಾರೆ ಮನ್ನಿಸುತ್ತೇನೆ. ಕಸಿದುಕೊಂಡ ವರ್ಷಗಳಲ್ಲಿ ಐದನ್ನಾದರೂ ಅವರು ಹಿಂದಕ್ಕೆ ಪಡೆದರು.

ಆ ಪಾತ್ರದ ಹಾಡಿನ ಧ್ವನಿಮುದ್ರಣ ಕೇಳಿದರೆ ದನಿಯ ಅಂಚು ನಡುಗುವುದು ಗೊತ್ತಾಗುತ್ತದೆ. ಆ ಸಂಜೆಯನ್ನು ಇತಿಹಾಸದ ಗೆಲುವು ಎಂದು ಬರೆಯುತ್ತಾರೆ. ಗೆಲುವೇ ಇರಬಹುದು. ಅದೇ ತಿಂಗಳು ಇನ್ನೊಬ್ಬ ಕರಿಯ ಗಾಯಕ ರಾಬರ್ಟ್ ಮೆಕ್‌ಫೆರಿನ್ ಅದೇ ರಂಗಕ್ಕೆ ಬಂದರು. ಆರು ವರ್ಷದ ಮೇಲೆ ಕರಿಯ ಗಾಯಕಿ ಲಿಯಂಟೈನ್ ಪ್ರೈಸ್ ಬಂದರು. ಅವರು ಚಿಕ್ಕವರಿದ್ದಾಗ ತಾಯಿ ಮಿಸಿಸಿಪಿಯಲ್ಲಿ ಮೇರಿಯನ್ ಅವರ ಕಚೇರಿಗೆ ಕರೆದೊಯ್ದಿದ್ದರು, ಹಾಡುವ ಆಸೆ ಹುಟ್ಟಿದ್ದೇ ಅಲ್ಲಿ. ಆದರೆ ಗಾಯಕಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಮೂವತ್ತೈದರಲ್ಲಿ ಬಂದಿದ್ದರೆ ಆ ರಂಗ ಕೇಳಬಹುದಾಗಿದ್ದ ದನಿಯನ್ನು ಐವತ್ತೇಳರಲ್ಲಿ ಕರೆದು ಹಾರ ಹಾಕಿದರು. ಒಮ್ಮೆ ರಷ್ಯದ ದೊಡ್ಡ ನಾಟಕ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯೇ, ಮಾಸ್ಕೊದಲ್ಲಿ ಉಳಿಯಿರಿ, ಕಾರ್ಮೆನ್ ಒಪೆರಾದ ನಾಯಕಿಯ ಪಾತ್ರ ನಾನು ಕಲಿಸುತ್ತೇನೆ ಎಂದಿದ್ದರು. ಕಚೇರಿಗಳ ಒತ್ತಡದಲ್ಲಿ ಮುಂದೆ ನೋಡೋಣ ಎಂದು ಇವರು ಹೊರಟರು. ಸ್ಟಾನಿಸ್ಲಾವ್‌ಸ್ಕಿ 1938ರಲ್ಲಿ ತೀರಿಕೊಂಡರು. ಮೇರಿಯನ್ ಕಾರ್ಮೆನ್ ಹೇಗಿರುತ್ತಿತ್ತು ಎಂದು ಯೋಚಿಸುವಾಗಲೆಲ್ಲ ನನಗೆ ಹಸಿವಾದಂತಾಗುತ್ತದೆ.

ಮೆಟ್ರೊಪಾಲಿಟನ್ ರಂಗ ಹತ್ತಿದ ಎರಡು ವರ್ಷದ ಮೇಲೆ ಅಮೆರಿಕ ಸರ್ಕಾರದ ಪರವಾಗಿ ಏಷ್ಯಾ ಪ್ರವಾಸ ಬಂದರು. 1957, ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ಲಿಟ್ಲ್ ರಾಕ್ ಊರಿನ, ಬಿಳಿಯರಿಗಷ್ಟೇ ಇದ್ದ ಶಾಲೆಗೆ ಒಂಬತ್ತು ಕರಿಯ ಮಕ್ಕಳನ್ನು ಸೈನಿಕರ ಕಾವಲಿನಲ್ಲಿ ಕಳಿಸಬೇಕಾಗಿ ಬಂದಿತ್ತು. ಆ ದೇಶದ ಹೆಸರು ಕಾಪಾಡಲು ಈ ಹೆಂಗಸು ಊರೂರು ಸುತ್ತಿದರು, ರುಪ್ ಜೊತೆಗಿದ್ದರು. ಇದರಲ್ಲಿರುವ ವ್ಯಂಗ್ಯ ಅವರಿಗೆ ಕಾಣದೆ ಇರಲಿಲ್ಲ. ದೆಹಲಿಯಲ್ಲಿ ಗಾಂಧಿ ಪ್ರತಿಮೆಯ ಎದುರು ನಿಂತು ಅವರು ಹಾಡಿದ್ದು ಗಾಂಧಿಗೆ ಪ್ರಿಯವಾದ ಇಂಗ್ಲಿಷ್ ಪ್ರಾರ್ಥನೆ, ‘ಲೀಡ್ ಕೈಂಡ್ಲಿ ಲೈಟ್’. 1833ರಲ್ಲಿ ಇಂಗ್ಲೆಂಡಿನ ಪಾದ್ರಿ ನ್ಯೂಮನ್ ಬರೆದದ್ದು. ಬಿ.ಎಂ.ಶ್ರೀಯವರ ಕನ್ನಡದಲ್ಲಿ ಅದೇ ‘ಕರುಣಾಳು ಬಾ ಬೆಳಕೆ’.

ಇದನ್ನು ಓದಿದ ದಿನ ಫೋನು ಬದಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

1965ರ ಏಪ್ರಿಲಿನಲ್ಲಿ, ಅದೂ ಈಸ್ಟರ್ ಭಾನುವಾರವೇ, ಕಾರ್ನೆಗಿ ಹಾಲ್‌ನಲ್ಲಿ ಹಾಡಿ ಅವರು ವಿದಾಯ ಹೇಳಿದರು. ಆ ವಿದಾಯದ ಪ್ರವಾಸ ಶುರುವಾದದ್ದು ಹಿಂದಿನ ವರ್ಷ, ಮೊದಲು ಬಾಗಿಲು ಮುಚ್ಚಿದ್ದ ಕಾನ್‌ಸ್ಟಿಟ್ಯೂಷನ್ ಹಾಲ್‌ನಿಂದಲೇ. 1993ರಲ್ಲಿ ತೀರಿಕೊಂಡರು.

ಧಾರವಾಡಕ್ಕೆ ಮರಳಿದ ಮೇಲೆ ಅಟ್ಟದ ಮೇಲಿದ್ದ ಹಾರ್ಮೋನಿಯಮ್ ಇಳಿಸಿ, ತಿದಿಗೆ ಅಂಟು ಹಾಕಿಸಿ ತಂದೆ. ಒಂದು ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ಕೆಳಗಿನ ಬಿಳಿ ಎರಡು ಒತ್ತಿ ಆ ಪ್ರಾರ್ಥನೆಯನ್ನು ಮೊದಲಿನಿಂದ ಹಾಡಿದೆ. ಎಲ್ಲೂ ಗಂಟಲು ಕಟ್ಟಲಿಲ್ಲ. ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ನಿಂತಿದ್ದ.

‘ಅಜ್ಜಿ, ಅಜ್ಜ ಎಲ್ಲಿ? ಈಗ ಹಾಡುತ್ತಿದ್ದರಲ್ಲ?’ ಎಂದ.